ಗಣಕ ವ್ಯವಸ್ಥೆಗಳ ಕಾವಲು: ನಿಗಾವಣೆ ಮತ್ತು ಅವಲೋಕನೀಯತೆ

ಬ್ಯಾಂಕು, ರೈಲ್ವೆ, ಷೇರು ಮಾರುಕಟ್ಟೆ ಮೊದಲಾದ ಸಂಸ್ಥೆಗಳ ದೈನಂದಿನ ವ್ಯವಹಾರವೆಲ್ಲವೂ ಇಂದು ಗಣಕಗಳನ್ನೇ ಅವಲಂಬಿಸಿದೆ. ಆ ಗಣಕಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ಹಗಲಿರುಳು ನೋಡಿಕೊಳ್ಳುವ ಕಾರ್ಯಕ್ಕೆ ‘ಮಾನಿಟರಿಂಗ್’ ಎಂದು ಹೆಸರು. ನಾವಿಲ್ಲಿ ಅದನ್ನು ನಿಗಾವಣೆ ಎಂದು ಕರೆದಿದ್ದೇವೆ. ಇತ್ತೀಚಿನ ವರ್ಷಗಳಲ್ಲಿ ಇದರೊಡನೆ ಕೇಳಿಬರುತ್ತಿರುವ ‘ಅಬ್ಸರ್ವಬಿಲಿಟಿ’ಯನ್ನು ಅವಲೋಕನೀಯತೆ ಎನ್ನಬಹುದು. ಎರಡೂ ಒಂದೇ ಎಂದು ಭಾವಿಸುವವರುಂಟು; ನಮಗೆ ಹಾಗೆನಿಸುವುದಿಲ್ಲ. ಡಿಸ್ಕ್ ತುಂಬಿತೇ, ಸರ್ವರ್ ಓಗೊಡುತ್ತಿದೆಯೇ ಎಂಬಂತಹ ಮೊದಲೇ ಊಹಿಸಿದ ಪ್ರಶ್ನೆಗಳಿಗೆ ನಿಗಾವಣೆ ಉತ್ತರಿಸುತ್ತದೆ. ಯಾರೂ ಊಹಿಸದ ತೊಂದರೆ ಎದುರಾದಾಗ, ಹೊರಗೆ ಕಾಣುವ ಲಕ್ಷಣಗಳಿಂದಲೇ ಒಳಗಿನ ಸ್ಥಿತಿಯನ್ನು ತಿಳಿಯಲು ಸಾಧ್ಯವಾಗುವ ಗುಣವೇ ಅವಲೋಕನೀಯತೆ. ಹಂಗೇರಿ ಮೂಲದ ವಿಜ್ಞಾನಿ ರುಡಾಲ್ಫ್ ಕಾಲ್ಮನ್ ಅವರು 1960ರಲ್ಲಿ ನಿಯಂತ್ರಣ ಸಿದ್ಧಾಂತದಲ್ಲಿ ಈ ಪರಿಕಲ್ಪನೆಯನ್ನು ಮಂಡಿಸಿದರು.

1999ರಲ್ಲಿ ‘ನೆಟ್‌ಸೇಂಟ್’ ಎಂದು ಹೊರಬಂದು ಅನಂತರ ‘ನ್ಯಾಗಿಯೋಸ್’ ಎನಿಸಿದ ತಂತ್ರಾಂಶ ಹಳೆಯ ಪೀಳಿಗೆಯ ಕಾವಲುಗಾರ. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾದ ‘ಪ್ರೊಮೀಥಿಯಸ್’ ಹೊಸ ಪೀಳಿಗೆಯದು. ಇಂದು ಮುಖ್ಯವಾಗಿ ಮೂರು ಬಗೆಯ ಸಾಕ್ಷ್ಯಗಳನ್ನು ಸಂಗ್ರಹಿಸುತ್ತಾರೆ: ಅಳತೆಗಳು (ಮೆಟ್ರಿಕ್ಸ್), ದಿನಚರಿಯಂತಹ ದಾಖಲೆಗಳು (ಲಾಗ್), ಮತ್ತು ಒಂದೇ ಕೋರಿಕೆಯು ಹತ್ತಾರು ಸರ್ವರುಗಳಲ್ಲಿ ಸಾಗಿದ ಜಾಡು (ಟ್ರೇಸ್). ಜಾಡು ಹಿಡಿಯುವ ಕ್ರಮಕ್ಕೆ ಗೂಗಲ್ ಸಂಸ್ಥೆಯ 2010ರ ‘ಡ್ಯಾಪರ್’ ಪ್ರಬಂಧ ದಾರಿ ತೋರಿತು.

ಇವಿಲ್ಲದಿದ್ದರೆ ಏನಾದೀತು ಎಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಪ್ರಕರಣಕ್ಕಿಂತ ಕಠೋರ ನಿದರ್ಶನ ನಮಗೆ ತಿಳಿದಿಲ್ಲ. 2012ರ ಆಗಸ್ಟ್ 1ರಂದು ಅದರ ಷೇರು ವ್ಯವಹಾರದ ಎಂಟು ಸರ್ವರುಗಳಲ್ಲಿ ಏಳಕ್ಕೆ ಮಾತ್ರ ಹೊಸ ತಂತ್ರಾಂಶ ಸೇರಿತ್ತು. ಎಂಟನೆಯದರಲ್ಲಿ, 2003ರಲ್ಲೇ ಬಳಕೆ ತಪ್ಪಿದ್ದ ಹಳೆಯ ಭಾಗವೊಂದು ಎಚ್ಚೆತ್ತು ಎಡೆಬಿಡದೆ ಬೇಡಿಕೆಗಳನ್ನು ಕಳುಹಿಸತೊಡಗಿತು. ಸುಮಾರು 45 ನಿಮಿಷಗಳಲ್ಲಿ 40 ಲಕ್ಷ ವಹಿವಾಟುಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಸೋಜಿಗವೆಂದರೆ, ಮಾರುಕಟ್ಟೆ ತೆರೆಯುವ ಮೊದಲೇ ದೋಷವನ್ನು ಸೂಚಿಸುವ 97 ಮಿಂಚಂಚೆಗಳು ಸಿಬ್ಬಂದಿಗೆ ತಲುಪಿದ್ದವು! ಆದರೆ ಅವುಗಳನ್ನು ಎಚ್ಚರಿಕೆಯ ಗಂಟೆಯೆಂದು ಯಾರೂ ರೂಪಿಸಿರಲಿಲ್ಲ, ಆದುದರಿಂದ ಯಾರೂ ಗಮನಿಸಲೂ ಇಲ್ಲ. ಒಳಗೇನಾಗುತ್ತಿದೆ ಎಂದು ಕಾಣದೆ ತಂತ್ರಜ್ಞರು ಸರಿಯಿದ್ದ ಏಳು ಸರ್ವರುಗಳಿಂದಲೇ ಹೊಸ ತಂತ್ರಾಂಶವನ್ನು ತೆಗೆದುಹಾಕಿದರು. ತೊಂದರೆ ಅವುಗಳಿಗೂ ಹಬ್ಬಿತು.

ಮುಂಬಯಿಯ ಓದುಗರಿಗೆ 2021ರ ಫೆಬ್ರವರಿ 24 ನೆನಪಿರಬಹುದು. ಅಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ದೂರಸಂಪರ್ಕ ಕೊಂಡಿಗಳಲ್ಲಿ ತೊಂದರೆಯುಂಟಾಗಿ, ಅಪಾಯವನ್ನು ಅಳೆಯುವ ವ್ಯವಸ್ಥೆಯೇ ಲಭ್ಯವಿಲ್ಲದಾಗ, ಬೆಳಿಗ್ಗೆ 11.40ಕ್ಕೆ ವಹಿವಾಟನ್ನು ನಿಲ್ಲಿಸಲಾಯಿತು. ಮರಳಿ ಆರಂಭವಾದುದು ಮಧ್ಯಾಹ್ನ 3.45ಕ್ಕೆ. ಹೂಡಿಕೆದಾರರಿಗೆ ಕಷ್ಟವಾಯಿತೆಂಬುದು ನಿಜ. ಆದರೂ ಕಣ್ಣು ಕಟ್ಟಿಕೊಂಡು ಓಡುವುದಕ್ಕಿಂತ ನಿಲ್ಲುವುದು ಮೇಲು.

ಹಾಗೆಂದು ಎಲ್ಲಕ್ಕೂ ಗಂಟೆ ಕಟ್ಟುವುದು ತರವಲ್ಲ. ಸದಾ ಮೊಳಗುವ ಗಂಟೆಗೆ ಕಿವಿ ಒಗ್ಗಿಹೋಗುತ್ತದೆ. ಗೂಗಲ್ ತಂತ್ರಜ್ಞರು 2016ರ ತಮ್ಮ ಗ್ರಂಥದಲ್ಲಿ ವಿಳಂಬ, ದಟ್ಟಣೆ, ದೋಷ, ಭರ್ತಿಯ ಮಟ್ಟ ಎಂಬ ನಾಲ್ಕನ್ನು ಮೊದಲು ಅಳೆಯಬೇಕೆಂದಿದ್ದಾರೆ. ಕಾವಲಿನ ಉಪಕರಣವು ತಾನು ಕಾಯುವ ಜಾಲದಲ್ಲೇ ನೆಲೆಸಿರಬಾರದೆಂಬುದೂ ಅಷ್ಟೇ ಮುಖ್ಯ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಸ್ತಬ್ಧವಾದಾಗ, ದುರಸ್ತಿಗೆ ಬೇಕಾದ ಆಂತರಿಕ ಸಾಧನಗಳೂ ಅದರೊಡನೆಯೇ ಕೈಕೊಟ್ಟಿದ್ದವು.