ಮಗ್ಗದ ಲಾಭ, ಬಡ್ಡಿಯ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆ ರೇಷ್ಮೆ ಸೀರೆಗೆ ಹೆಸರುವಾಸಿ. ಅಲ್ಲಿನ ದೇವಸಮುದ್ರದ ನೇಕಾರನೊಬ್ಬ ತನ್ನ ಕೈಮಗ್ಗಕ್ಕೆ ಜಕಾರ್ಡ್ ಕೂಡಿಸಬೇಕೆಂದಿದ್ದಾನೆ ಎನ್ನೋಣ. ತೂತು ಕೊರೆದ ರಟ್ಟುಗಳ ನೆರವಿನಿಂದ ಎಳೆ ಎತ್ತಿ ಚಿತ್ತಾರ ಮೂಡಿಸುವ ಈ ಸಾಧನವನ್ನು ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ. ಉದಾಹರಣೆಗೆ, ಅದರ ಖರ್ಚು 40,000 ರೂಪಾಯಿ. ಅದರಿಂದ ವರ್ಷಕ್ಕೆ 12,000ದಂತೆ ಐದು ವರ್ಷ ಹೆಚ್ಚುವರಿ ಆದಾಯ ಎಂದುಕೊಳ್ಳೋಣ. ಒಟ್ಟು 60,000. ಮೇಲ್ನೋಟಕ್ಕೆ 20,000 ಲಾಭ.

ಆದರೆ ಐದು ವರ್ಷ ಕಳೆದು ಬರುವ ಹಣ ಇಂದು ಕೈಯಲ್ಲಿರುವ ಹಣಕ್ಕೆ ಸಮವಲ್ಲ. ನಡುವೆ ಬಡ್ಡಿ ಇದೆ. ಈ ಅರಿವು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ ಬೆರೆತ ಮೊತ್ತದಿಂದ ಅಸಲನ್ನು ಬೇರ್ಪಡಿಸುವ ಸೂತ್ರವಿದೆ. ವರ್ಷಕ್ಕೆ ನೂರಕ್ಕೆ 12 ಬಡ್ಡಿಯಾದರೆ, ಬರುವ ವರ್ಷದ 112 ರೂಪಾಯಿಯ ಇಂದಿನ ಬೆಲೆ 100. ಅದು ಸರಳ ಬಡ್ಡಿಯ ಲೆಕ್ಕ. ಚಕ್ರಬಡ್ಡಿಯನ್ನು ಹಿಡಿದು, ಬಂಡವಾಳ ಹೂಡಿಕೆಗೆ ಇದೇ ವಿಚಾರವನ್ನು ಅನ್ವಯಿಸಿ ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ ಪ್ರಮುಖ. ಆತನ ಗ್ರಂಥಗಳು 1907 ಮತ್ತು 1930ರಲ್ಲಿ ಬಂದವು. ಮುಂದಿನ ಆದಾಯವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ, ಹೂಡಿದ ಹಣ ಕಳೆದರೆ ಉಳಿಯುವುದೇ ‘ನಿವ್ವಳ ಪ್ರಸ್ತುತ ಮೌಲ್ಯ’.

ನಮ್ಮ ನೇಕಾರನಿಗೆ ಶೇ. 12ರ ಬಡ್ಡಿಗೆ ಸಾಲ ಸಿಕ್ಕರೆ, ಮೊದಲ ವರ್ಷದ 12,000ದ ಇಂದಿನ ಬೆಲೆ 10,714. ಐದನೆಯ ವರ್ಷದ್ದು 6,809 ಮಾತ್ರ. ಐದೂ ವರ್ಷ ಸೇರಿ ಸುಮಾರು 43,257. ಅಂದರೆ ನಿಜವಾದ ಲಾಭ 3,257. ಅದೇ ಸಾಲವನ್ನು ಸಾಹುಕಾರನಿಂದ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ, ಎಂದರೆ ವರ್ಷಕ್ಕೆ ಶೇ. 24ರಂತೆ ತಂದರೆ, ಒಟ್ಟು ಬೆಲೆ 32,945ಕ್ಕೆ ಇಳಿಯುತ್ತದೆ. ಆಗ 7,055 ರೂಪಾಯಿ ನಷ್ಟ! ಮಗ್ಗ ಅದೇ, ದುಡಿಮೆ ಅದೇ, ಬದಲಾದದ್ದು ಬಡ್ಡಿಯೊಂದೇ. ಈ ಲೆಕ್ಕದಲ್ಲಿ ಬಡ್ಡಿ ಶೇ. 15ರ ಆಸುಪಾಸು ದಾಟಿತೆಂದರೆ ಯಂತ್ರ ಕೊಳ್ಳದಿರುವುದೇ ಲೇಸು.

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದ ಮಹತ್ವ ಈ ಲೆಕ್ಕದಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಡಿಮೆ ಬಡ್ಡಿಯ ಸಾಲವೆಂದರೆ ಬರಿಯ ಸಹಾಯವಲ್ಲ. ಕೊಳ್ಳಲಾಗದಿದ್ದ ಸಾಧನವನ್ನು ಅದು ಲಾಭದ ಸಾಧನವಾಗಿಸುತ್ತದೆ. ನೇಕಾರ ಯಂತ್ರದ ಬೆಲೆ ಕೇಳುವ ಮೊದಲು ಸಾಲದ ಬಡ್ಡಿ ಕೇಳುವುದು ಒಳ್ಳೆಯದು.