ನಾಲ್ಕು ಬಡಿತದ ಉಗಿಬಂಡಿ

ಮೈಸೂರಿನ ಪಶ್ಚಿಮಕ್ಕಿರುವ ನಾಲ್ಕು ತಾಲ್ಲೂಕುಗಳನ್ನು ನಕಾಶೆಯಲ್ಲಿ ನೋಡಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ರೈಲು ಹಳಿಯೇ ಇಲ್ಲ. ಇರುವುದು ಕೃಷ್ಣರಾಜನಗರದಲ್ಲಿ ಮಾತ್ರ. 19ನೇ ಶತಮಾನದಲ್ಲಿ ಮದ್ರಾಸ್ ಸೈನ್ಯಕ್ಕೆ ಗಾಡಿ ಮಾಡಿಕೊಡುತ್ತಿದ್ದ ಹುಣಸೂರಿಗೆ ಇವತ್ತಿಗೂ ರೈಲುಗಾಡಿ ಬಂದಿಲ್ಲ. ಕುಶಾಲನಗರದ ಮಾರ್ಗದ ಮಾತು ಮಾತ್ರ ದಶಕಗಳಿಂದ ಓಡುತ್ತಲೇ ಇದೆ. ಹಾಗಾಗಿ ಈ ಸೀಮೆಯಲ್ಲಿ ರೈಲಿನ ಸದ್ದಿಗೊಂದು ಚರಿತ್ರೆ ಇದ್ದರೆ ಅದು ಕೆ.ಆರ್. ನಗರದ್ದು.

ಕಾವೇರಿಯ ನೆರೆಗೆ ಬೇಸತ್ತ ಎಡತೊರೆಯ ಜನರಿಗೆ ಹೊಸ ಊರು ಕಟ್ಟಿ, ನಾಲ್ವಡಿಯವರ ಹೆಸರಿಟ್ಟ ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ಹೋಗುವ ಮೀಟರ್ ಗೇಜ್ ಹಳಿ ಈ ಊರನ್ನು ಹಾದಿತ್ತು. ಆ ಹಳಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಹಳಿ, ಸ್ಟೇಷನ್ನು, ಟಿಕೆಟ್ ದರ ಇವೆಲ್ಲದರ ದಾಖಲೆ ಕಡತಗಳಲ್ಲಿ ಸಿಗುತ್ತದೆ. ಆದರೆ ಕಡತ ಮೂಕ. ಹೊಗೆಬಂಡಿ ಹೇಗೆ ಉಸಿರಾಡುತ್ತಿತ್ತು ಎಂದು ಯಾವ ಗುಮಾಸ್ತನೂ ಬರೆದಿಡಲಿಲ್ಲ.

ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಲ್ಲ, ಮಾದರಿ ರೈಲಿನ ಹುಚ್ಚಿರುವ ಗೆಳೆಯನೊಬ್ಬನ ಮೇಜಿನ ಮೇಲೆ. ಮಾದರಿಕಾರರಲ್ಲಿ ಹೆಚ್ಚು ಬಳಕೆಯ ಅಳತೆ 1:87. ಒಂದು ಮೀಟರ್ ಅಗಲದ ಹಳಿ ಈ ಅಳತೆಯಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅವರು ಅದನ್ನು 12 ಎಂದು ಹಿಡಿಯುತ್ತಾರೆ. ಇವನು ಕಟ್ಟಿದ್ದು ವೈಪಿ ದರ್ಜೆಯ ಇಂಜಿನ್. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ದೇಶದ ಮೀಟರ್ ಗೇಜ್ ಪ್ರಯಾಣಿಕರ ಗಾಡಿಗಳನ್ನು ಎಳೆದದ್ದು ಹೆಚ್ಚಾಗಿ ಇದೇ.

ಇಂಥ ಪುಟ್ಟ ಇಂಜಿನ್ನಿಗೆ ದನಿ ಕೊಡುವುದು ಡಿಕೋಡರ್ ಎಂಬ, ಬೆರಳುಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ. ಹಳಿಯಲ್ಲಿ ಹರಿಯುವ ವಿದ್ಯುತ್ತಿನಲ್ಲೇ ಆಜ್ಞೆಗಳು ಬೆರೆತು ಬರುತ್ತವೆ. ಬಿಲ್ಲೆ ಅವನ್ನು ಬಿಡಿಸಿ ಓದಿ ಮೋಟಾರನ್ನು ಓಡಿಸುತ್ತದೆ, ಜೊತೆಗೆ ತನ್ನೊಳಗೆ ತುಂಬಿಟ್ಟ ಸದ್ದಿನ ತುಣುಕುಗಳನ್ನು ಪೋಣಿಸಿ ನುಡಿಸುತ್ತದೆ. ಸ್ಪೀಕರಿಗೆ ಜಾಗ ಸಿಗುವುದು ಕಲ್ಲಿದ್ದಲಿನ ಟೆಂಡರಿನಲ್ಲಿ; ಬಾಯ್ಲರಿನೊಳಗೆ ಮೋಟಾರು ಕೂತಿರುತ್ತದೆ. ಬರೀ ಸ್ಪೀಕರ್ ಅಂಟಿಸಿದರೆ ಸೊಳ್ಳೆಯ ಹಾಡಷ್ಟೇ ಕೇಳುವುದು. ಅದರ ಮುಂದಿನಿಂದ ಬರುವ ಅಲೆಯನ್ನು ಹಿಂದಿನಿಂದ ಬರುವ ಅಲೆ ಅಳಿಸಿಹಾಕುತ್ತದೆ. ಅದಕ್ಕೇ ಹಿಂಬದಿಗೆ ಗಾಳಿಯಾಡದ ಪುಟ್ಟ ಡಬ್ಬಿ ಬೇಕು, ಸಂದುಗೊಂದುಗಳನ್ನು ಮೇಣವೋ ಅಂಟೋ ಹಾಕಿ ಮುಚ್ಚಬೇಕು, ಟೆಂಡರಿನ ತಳದಲ್ಲಿ ಸದ್ದು ಹೊರಬರಲು ತೂತು ಕೊರೆಯಬೇಕು. 8 ಓಮ್ ಸ್ಪೀಕರ್ ಕೇಳುವ ಬಿಲ್ಲೆಗೆ 4 ಓಮಿನದನ್ನು ಜೋಡಿಸಿದರೆ ಬಿಲ್ಲೆಯೇ ಸುಟ್ಟೀತು. ಇಷ್ಟೆಲ್ಲ ಮಾಡಿದರೂ ಒಂದೂವರೆ ಸೆಂಟಿಮೀಟರಿನ ಸ್ಪೀಕರಿನಿಂದ ಎದೆ ನಡುಗಿಸುವ ತಗ್ಗುದನಿ ಬರುವುದಿಲ್ಲ. ದನಿಯನ್ನು ಪೂರ್ತಿ ಏರಿಸಿದರೆ ಒಡಕು ಹೆಚ್ಚುತ್ತದೆ, ಅಷ್ಟೆ. ಅರ್ಧಕ್ಕೆ ಇಳಿಸಿದಾಗಲೇ ಅದು ದೂರದ ಗಾಡಿಯಂತೆ ಕೇಳುತ್ತದೆ. ನನಗೇನೋ ಆ ದೂರವೇ ಹೆಚ್ಚು ನಿಜವೆನಿಸಿತು.

ತೊಡಕು ಇದ್ದದ್ದು ಬೇರೆ ಕಡೆ. ಮೀಟರ್ ಗೇಜಿನಲ್ಲಿ ಫೈರ್‌ಮನ್ ಆಗಿದ್ದ ಹಿರಿಯರೊಬ್ಬರನ್ನು ಗೆಳೆಯ ಕರೆಸಿದ್ದ. ಅವರು ಕಣ್ಣು ಮುಚ್ಚಿ ಕೇಳಿ, "ಇದು ನಮ್ಮ ಗಾಡಿ ಅಲ್ಲ ಕಣಪ್ಪ" ಅಂದರು. ಯಾಕೆ ಎಂದು ವಿವರಿಸಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರು: ನಾಲ್ಕು, ಮತ್ತೆ ನಾಲ್ಕು.

ಅವರ ಬೆರಳು ಹೇಳಿದ್ದು ಸರಿ. ವೈಪಿಗೆ ಎರಡು ಸಿಲಿಂಡರು. ಎರಡರಲ್ಲೂ ಪಿಸ್ಟನ್ನಿನ ಎರಡೂ ಬದಿಗೆ ಉಗಿ ಸರದಿಯಂತೆ ನುಗ್ಗುತ್ತದೆ. ಆದ್ದರಿಂದ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಬಳಸಿದ ಉಗಿ ನಾಲ್ಕು ಸಲ ಹೊರಬೀಳುತ್ತದೆ. ನಮ್ಮ ಮಕ್ಕಳ ಚುಕುಬುಕು ಎಂಬ ನಾಲ್ಕಕ್ಷರಕ್ಕೂ ಇದಕ್ಕೂ ಸಂಬಂಧ ಇದೆಯೋ ಏನೋ, ಭಾಷಾಶಾಸ್ತ್ರದವರು ಹೇಳಬೇಕು. ಗೆಳೆಯ ತರಿಸಿದ್ದ ಬಿಲ್ಲೆಯಲ್ಲಿ ಇದ್ದದ್ದು ಇಂಗ್ಲೆಂಡಿನ ಮೂರು ಸಿಲಿಂಡರಿನ ಇಂಜಿನ್ನಿನ ಸದ್ದು. ಪ್ರಸಿದ್ಧ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಅಂಥದ್ದೇ. ಅದಕ್ಕೆ ಸುತ್ತಿಗೆ ಆರು ಬಡಿತ.

ಇದನ್ನು ಆಟಿಕೆಯವರ ತಕರಾರೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವ ಸದ್ದು ಯಾರು ಧ್ವನಿಮುದ್ರಿಸಿಕೊಂಡರೋ ಅವರದು. ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಉಳಿಸಿಕೊಂಡ ಇಂಜಿನ್ನುಗಳಿವೆ, ಅವುಗಳ ಪಕ್ಕ ಮೈಕು ಹಿಡಿದು ನಿಂತವರಿದ್ದಾರೆ. ನಮ್ಮಲ್ಲಿ ಇಂಜಿನ್ನಿನ ದೇಹ ಉಳಿಸಿದೆವು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ, ಮಹಾರಾಣಿಯವರ ಸಲೂನ್ ಅಲ್ಲಿ ಜೋಪಾನವಾಗಿದೆ. 1924ರಲ್ಲಿ ಶುರುವಾದ ಅಶೋಕಪುರಂ ಕಾರ್ಖಾನೆ ಇವತ್ತೂ ನಡೆಯುತ್ತಿದೆ. ಆದರೆ ಸಂಗ್ರಹಾಲಯದ ಅಂಗಳದಲ್ಲಿ ನಿಂತ ಇಂಜಿನ್ನುಗಳ ಒಲೆ ಆರಿದೆ. ಹತ್ತಿರದಲ್ಲೇ ಇರುವ ನೀಲಗಿರಿಯಲ್ಲಿ ಮೀಟರ್ ಗೇಜ್ ಉಗಿಬಂಡಿ ಈಗಲೂ ಬೆಟ್ಟ ಹತ್ತುತ್ತದಲ್ಲ, ಅದರ ದನಿ ತರಬಹುದಲ್ಲ ಎಂದು ಕೇಳಬಹುದು. ಆಗದು. ಅದಕ್ಕೆ ನಾಲ್ಕು ಸಿಲಿಂಡರು. ಅವುಗಳಲ್ಲಿ ಎರಡು ಹಲ್ಲುಹಳಿಯನ್ನು ಕಚ್ಚುವ ಚಕ್ರಕ್ಕೆ ಮೀಸಲು. ಏರು ಹತ್ತುವ ಆ ಏದುಸಿರು ಬಯಲಿನ ಗಾಡಿಯದಲ್ಲ.

ಕೊನೆಗೆ ಗೆಳೆಯ ಎರಡು ಸಿಲಿಂಡರಿನ ಇಂಜಿನ್ನೊಂದರ ಸದ್ದನ್ನು ಬಿಲ್ಲೆಗೆ ತುಂಬಿಸಿದ. ಚಕ್ರದ ಅಂಚಿಗೆ ಬಿಳಿ ಬಣ್ಣದ ಚುಕ್ಕೆಯಿಟ್ಟ. ಗಾಡಿಯನ್ನು ಆಮೆಯಂತೆ ನಡೆಸಿ, ಚುಕ್ಕೆ ಮೇಲಿನಿಂದ ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ಎಷ್ಟು ಬಡಿತ ಎಂದು ನಾನು ಎಣಿಸಿದೆ. ಐದು ಬಂದರೆ ಅವನು ಬಿಲ್ಲೆಯ ಸಂಖ್ಯೆ ತಿದ್ದುವನು, ಮತ್ತೆ ಓಡಿಸುವನು. ನಾಲ್ಕು ಹದಕ್ಕೆ ಕೂರಲು ಒಂದು ಸಂಜೆ ಹಿಡಿಯಿತು. ಸೀಟಿಯನ್ನು ನಾವು ಹಾಕಲೇ ಇಲ್ಲ. ಅದಕ್ಕೆ ಯಾರ ಬೆರಳಿನ ಸಾಕ್ಷಿಯೂ ಇರಲಿಲ್ಲ.

ಆ ಎಣಿಕೆ ನನ್ನ ಓದಿಗೆ ಇನ್ನೊಂದು ದಾರಿ ತೋರಿಸಿತು. ವೈಪಿಯ ದೊಡ್ಡ ಚಕ್ರದ ವ್ಯಾಸ 1372 ಮಿಲಿಮೀಟರ್. ಒಂದು ಸುತ್ತಿಗೆ ಅದು ಸುಮಾರು 4.3 ಮೀಟರ್ ಸಾಗುತ್ತದೆ, ಅಂದರೆ ಒಂದು ಬಡಿತಕ್ಕೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ನಾಲ್ಕೂವರೆ ಬಡಿತ, 36ಕ್ಕೆ ಒಂಬತ್ತು ಚಿಲ್ಲರೆ. ಹಾಗಿದ್ದರೆ ಯಾವುದಾದರೂ ಹಳೆಯ ಕ್ಯಾಸೆಟ್ಟಿನಲ್ಲಿ, ಮದುವೆ ಮನೆಯ ಹಾಡಿನ ಹಿಂದೆ, ಹರಿಕಥೆಯ ನಡುವೆ, ಹಾದುಹೋದ ಉಗಿಬಂಡಿಯ ಹತ್ತು ಸೆಕೆಂಡಿನ ಸದ್ದು ಸಿಕ್ಕರೂ ಗಾಡಿ ಯಾವ ವೇಗದಲ್ಲಿತ್ತು, ಸ್ಟೇಷನ್ನಿಗೆ ಬರುತ್ತಿತ್ತೋ ಬಿಟ್ಟು ಹೊರಟಿತ್ತೋ ಎಂದು ಲೆಕ್ಕ ಹಾಕಬಹುದು. ಕೆ.ಆರ್. ನಗರದ ಹಳಿಯ ಪಕ್ಕದ ಮನೆಗಳಲ್ಲಿ ಟೇಪ್ ರೆಕಾರ್ಡರ್ ಇದ್ದ ಕಾಲಕ್ಕೆ ಮೀಟರ್ ಗೇಜ್ ಇನ್ನೂ ಇತ್ತು. ನಿಮ್ಮ ಅಟ್ಟದಲ್ಲಿ ಅಂಥ ಕ್ಯಾಸೆಟ್ ಇದ್ದರೆ, ಹಾಡು ಚೆನ್ನಾಗಿಲ್ಲವೆಂದು ಎಸೆಯುವ ಮುನ್ನ ಒಮ್ಮೆ ಪೂರ್ತಿ ಕೇಳಿ. ಹಿಂದಿನ ಸದ್ದನ್ನು ಕೇಳಿ.