ಫಸಲಿ ತಾರೀಖು, ಗಣಕಯಂತ್ರದ ಲೆಕ್ಕ

ಕಲಬುರಗಿಯಲ್ಲಾಗಲಿ, ಕಮಲಾಪುರದ ಹಳ್ಳಿಗಳಲ್ಲಾಗಲಿ, ಹೊಲದ ಹಳೆಯ ಕಾಗದ ಬಿಚ್ಚಿದರೆ ಇಸವಿಯ ಜಾಗದಲ್ಲಿ 1340, 1358 ಎಂಬ ಅಂಕಿಗಳು ಕಾಣಸಿಗುತ್ತವೆ. ಬಹಮನಿ ಸುಲ್ತಾನರ ಕಾಲದ ಕಾಗದವೇ ಎಂದು ಬೆರಗಾಗಬೇಕಿಲ್ಲ. ಅದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷ.

ಹಿಜರಿ ವರ್ಷ ಚಂದ್ರನದು. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಆ ಲೆಕ್ಕದಲ್ಲಿ ಕಂದಾಯ ಕೇಳುತ್ತ ಹೋದರೆ ಒಂದಲ್ಲ ಒಂದು ವರ್ಷ ಜೋಳ ತೆನೆ ಕಟ್ಟುವ ಮೊದಲೇ ವಸೂಲಿಯವರು ಬಾಗಿಲಿಗೆ ಬಂದಾರು. ಹೀಗಾಗಿ ಅಕ್ಬರನ ಕಾಲದಲ್ಲಿ ಬೆಳೆಗೆ ಹೊಂದುವ ಫಸಲಿ ಬಂತು. ದಖ್ಖನಕ್ಕೆ ಅದು ಬಂದದ್ದು ಷಹಜಹಾನನ ಆಳ್ವಿಕೆಯಲ್ಲಿ, 1636ರ ಸುಮಾರಿಗೆ. ಆದ್ದರಿಂದ ಉತ್ತರದ ಫಸಲಿಗೂ ನಮ್ಮ ಕಡೆಯದಕ್ಕೂ ಎರಡು ವರ್ಷದ ಅಂತರ ಉಳಿಯಿತು.

ಫಸಲಿಗೆ 590 ಕೂಡಿಸಿದರೆ ಇಸವಿ ಎಂಬ ಬಾಯಿಲೆಕ್ಕ ಅರ್ಧ ಮಾತ್ರ ನಿಜ. ಹೈದರಾಬಾದಿನ ಫಸಲಿ ವರ್ಷ ಹುಟ್ಟುತ್ತಿದ್ದುದು ಅಕ್ಟೋಬರ್ ಮೊದಲ ವಾರದಲ್ಲಿ. ಜನವರಿ ದಾಟಿದರೆ 591 ಕೂಡಿಸಬೇಕು. ಫಸಲಿ 1358ರ ಜಹಗೀರು ರದ್ದತಿ ನಿಯಮವನ್ನೇ ನೋಡಿ. ಅದು ಜಾರಿಗೆ ಬಂದದ್ದು 1949ರ ಆಗಸ್ಟ್ 15ರಂದು. ಬಾಯಿಲೆಕ್ಕದಂತೆ 1948ರ ಆಗಸ್ಟ್ ಎಂದರೆ ಪೊಲೀಸ್ ಕಾರ್ಯಾಚರಣೆಗೂ ಮೊದಲೇ, ನಿಜಾಮರು ಆಳುತ್ತಿದ್ದಾಗಲೇ, ಜಹಗೀರು ಹೋಯಿತೆಂದಾಗುತ್ತದೆ!

2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಪಹಣಿಗಳು ಗಣಕಯಂತ್ರ ಸೇರಿದವು. ಯಂತ್ರಕ್ಕೆ ಚರಿತ್ರೆ ತಿಳಿಯದು. ತಾರೀಖನ್ನು ಬರೀ ಅಕ್ಷರಸಾಲಾಗಿ ತುಂಬಿದರೆ ಅದು ಎಡದಿಂದ ಹೋಲಿಸುತ್ತದೆ: 01-11-1956 ಮುಂದೆ, 17-09-1948 ಹಿಂದೆ. ಒಂದಕ್ಕಿಂತ ಹದಿನೇಳು ದೊಡ್ಡದು ತಾನೆ? ಅಂದರೆ ರಾಜ್ಯ ಒಂದಾದ ಮೇಲೆ ಹೈದರಾಬಾದ್ ವಿಮೋಚನೆ! 1988ರ ಅಂತರರಾಷ್ಟ್ರೀಯ ಮಾನಕ ವರ್ಷ, ತಿಂಗಳು, ದಿನ ಎಂಬ ಕ್ರಮ ಹೇಳಿದ್ದು ಇದಕ್ಕೇ. ಅದಕ್ಕಿಂತ ಒಳ್ಳೆಯದು, ತಾರೀಖಿಗೆಂದೇ ಇರುವ ಅಂಕಣದಲ್ಲಿ ಅದನ್ನು ಇಡುವುದು.

ಹಾಗೆಂದು ಮೂಲವನ್ನು ಅಳಿಸಬಾರದು. ಕಾಗದದಲ್ಲಿದ್ದ ಫಸಲಿ ತಾರೀಖು ಒಂದು ಅಂಕಣದಲ್ಲಿ, ಲೆಕ್ಕ ಹಾಕಿದ ತಾರೀಖು ಇನ್ನೊಂದರಲ್ಲಿ ಇದ್ದರೆ ಮುಂದಿನವರು ತಾಳೆ ನೋಡಬಹುದು. ವರ್ಷ ಮಾತ್ರ ಗೊತ್ತಿದ್ದಲ್ಲಿ ಜನವರಿ 1 ಎಂದು ತುಂಬಿಬಿಡುವುದು ದೊಡ್ಡ ಅಪಾಯ. ಯಾವ ದಿನದಿಂದ ಯಾವ ದಿನದೊಳಗೆ ಎಂದು ಎರಡು ತಾರೀಖು ಬರೆಯುವುದೇ ಸರಿ. ಕರ್ನಾಟಕದ ಭೂಸುಧಾರಣೆ ಕಾನೂನಿನಲ್ಲಿ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದದ್ದು 1974ರ ಮಾರ್ಚ್ 1ರಂದು; ಅದಕ್ಕೆ ಮುಂಚೆ ಉಳುತ್ತಿದ್ದವನಿಗೆ ಹಕ್ಕು. ಆ ವರ್ಷ ಜೂನ್‌ನಲ್ಲಿ ಗೇಣಿಗೆ ಬಂದವನ ಹೆಸರಿನ ಮುಂದೆ ಜನವರಿ 1 ಎಂದು ಬಿದ್ದರೆ, ಕಾಗದದ ಮೇಲೆ ಅವನೂ ಹಕ್ಕುದಾರನೇ.